ಕೋವಿಡ್‌ನಲ್ಲಿ ಅಷ್ಟು ಜನ ಹೋದ ಕೇರ್ ಹೋಮ್‌ಗೆ ಅತ್ತೆನ ಹೇಗೆ ಕಳಿಸ್ಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಇಂಗ್ಲೆಂಡಿನ ರೆಡಿಂಗ್ ಹತ್ರ ಇದೀವಿ. ನಮ್ಮತ್ತೆ ಮಾವ 1978ರಲ್ಲೇ ಹಾಸನದಿಂದ ಇಲ್ಲಿಗೆ ಬಂದವರು. ಮಾವ ಡಾಕ್ಟರ್ ಆಗಿದ್ರು, ಈಗಿಲ್ಲ. ಅತ್ತೆಗೆ 81 ವರ್ಷ, ನಾಲ್ಕು ವರ್ಷದಿಂದ ಡಿಮೆನ್ಷಿಯಾ. ಇಷ್ಟು ವರ್ಷ ಚೆನ್ನಾಗಿ ಮಾತಾಡ್ತಿದ್ದ ಇಂಗ್ಲಿಷ್ ಪೂರ್ತಿ ಮರ್ತು ಈಗ ಬರೀ ಕನ್ನಡ ಮಾತಾಡ್ತಾರೆ. ರಾತ್ರಿ ಎದ್ದು ಬಾಗಿಲು ತೆಗೆದು ಹೊರಗೆ ಹೋಗ್ತಾರೆ, ಎರಡು ಸಲ ಬಿದ್ದಿದಾರೆ. ನಾವಿಬ್ರೂ ಕೆಲಸಕ್ಕೆ ಹೋಗೋರು. ಜಿಪಿ, ಅಂದ್ರೆ ನಮ್ಮ ಫ್ಯಾಮಿಲಿ ಡಾಕ್ಟರ್, ಕೇರ್ ಹೋಮ್ ಬಗ್ಗೆ ಯೋಚ್ನೆ ಮಾಡಿ ಅಂದ್ರು. ಆದ್ರೆ ಊರಲ್ಲಿರೋ ನಾದಿನಿ "ಕೋವಿಡ್ ಟೈಮಲ್ಲಿ ಯುರೋಪಿನವ್ರು ವಯಸ್ಸಾದವ್ರನ್ನ ಅಲ್ಲೇ ಸಾಯೋಕೆ ಬಿಟ್ರಂತೆ, ಅಂಥಾ ಜಾಗಕ್ಕೆ ಅಮ್ಮನ್ನ ಹಾಕ್ತೀರಾ" ಅಂತ ಫೋನಲ್ಲಿ ಅಳ್ತಾರೆ. ನಂಗೂ ರಾತ್ರಿ ನಿದ್ದೆ ಇಲ್ಲ. ಅವತ್ತು ನಿಜವಾಗ್ಲೂ ಏನಾಯ್ತು? ನಾವು ಏನ್ ಮಾಡ್ಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಒಂದಕ್ಕೊಂದು ಸುತ್ಕೊಂಡಿವೆ, ಅವತ್ತು ಏನಾಯ್ತು ಅನ್ನೋದು ಒಂದು, ಅತ್ತೆನ ಬಿಟ್ಟು ಬಂದ್ರೆ ನಾಳೆ ಮತ್ತೆ ಅದೇ ಆಗುತ್ತಾ ಅನ್ನೋದು ಇನ್ನೊಂದು. ನಾನು ಇಪ್ಪತ್ತು ವರ್ಷದ ಮೇಲಾಯ್ತು ಇಂಗ್ಲೆಂಡಲ್ಲಿ ವಯಸ್ಸಾದವರ ಡಾಕ್ಟರ್ ಆಗಿದೀನಿ. 2020ರಲ್ಲಿ ಆಸ್ಪತ್ರೆ ವಾರ್ಡ್ ಜೊತೆಗೆ ಮೂರು ಕೇರ್ ಹೋಮ್ ಕೂಡ ನೋಡ್ಕೋತಿದ್ದೆ, ಹಾಗಾಗಿ ಓದಿದ್ದಕ್ಕಿಂತ ಕಣ್ಣಾರೆ ಕಂಡಿದ್ದೇ ಜಾಸ್ತಿ ಇದೆ ನನ್ನ ಹತ್ರ.

ನಿಮ್ಮ ನಾದಿನಿ ಮಾತಿಗೆ ಆಧಾರ ಇದೆ, ಮೊದ್ಲು ಅದನ್ನ ಹೇಳ್ಬಿಡ್ತೀನಿ. 2020ರ ಮಾರ್ಚ್ 23ಕ್ಕೆ ಸ್ಪೇನ್‌ನ ರಕ್ಷಣಾ ಸಚಿವೆ ಮಾರ್ಗರೀಟಾ ರೋಬ್ಲೆಸ್ ಟೀವಿಲಿ ಬಂದು, ಕೇರ್ ಹೋಮ್‌ಗಳಿಗೆ ಕ್ರಿಮಿನಾಶಕ ಹೊಡಿಯೋಕೆ ಹೋದ ಸೈನಿಕರಿಗೆ ಕೆಲವು ಕಡೆ ನೋಡ್ಕೊಳ್ಳೋರೇ ಇಲ್ದೆ ಬಿದ್ದಿದ್ದ ವೃದ್ಧರು, ಹಾಸಿಗೆಯಲ್ಲೇ ತೀರ್ಕೊಂಡವರು ಸಿಕ್ಕಿದಾರೆ ಅಂತ ಹೇಳಿದ್ರು. ಮ್ಯಾಡ್ರಿಡ್ ಪ್ರಾಂತ್ಯದಲ್ಲಂತೂ ತೀರಾ ಅವಲಂಬಿತರಾದವ್ರನ್ನ, ಮರೆವಿನ ಕಾಯಿಲೆ ಜಾಸ್ತಿಯಾದವ್ರನ್ನ ಆಸ್ಪತ್ರೆಗೆ ಕಳಿಸ್ಬೇಡಿ ಅನ್ನೋ ಲಿಖಿತ ಸೂಚನೆ ಇತ್ತು, ಅಲ್ಲಿ ಆ ಮಾರ್ಚ್ ಏಪ್ರಿಲ್‌ನಲ್ಲಿ 7291 ಜನ ಆಸ್ಪತ್ರೆ ಮೆಟ್ಟಿಲು ಹತ್ತದೇ ಕೇರ್ ಹೋಮ್‌ಗಳಲ್ಲೇ ಪ್ರಾಣ ಬಿಟ್ರು. ಆ 7291 ಅನ್ನೋ ಸಂಖ್ಯೆನ ಬೋರ್ಡ್ ಮೇಲೆ ಬರ್ಕೊಂಡು ಅಲ್ಲಿನ ಮಕ್ಕಳು ಮೊಮ್ಮಕ್ಕಳು ವರ್ಷಗಟ್ಲೆ ಬೀದಿಲಿ ನಿಂತಿದಾರೆ. ಏಪ್ರಿಲ್ 23ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ನಿರ್ದೇಶಕ ಹಾನ್ಸ್ ಕ್ಲೂಗೆ, ಯುರೋಪಿನ ದೇಶಗಳ ಅಂದಾಜು ನೋಡಿದ್ರೆ ಕೋವಿಡ್ ಸಾವಲ್ಲಿ ಅರ್ಧದಷ್ಟು ಇಂಥ ಕಡೆ ಇದ್ದವರದು ಅಂದ್ರು. ಇದ್ಯಾವುದನ್ನೂ ನಾನು ಚಿಕ್ಕದು ಮಾಡಲ್ಲ.

ಆದ್ರೆ "ಯುರೋಪಿನವ್ರು ಸಾಯೋಕೆ ಬಿಟ್ರು" ಅಂತ ಒಂದೇ ಮಾತಲ್ಲಿ ಮುಗ್ಸಿದ್ರೆ ಸೋಂಕು ಒಳಗೆ ಹೇಗೆ ಬಂತು ಅನ್ನೋದು ಮುಚ್ಚಿ ಹೋಗುತ್ತೆ, ನಿಮಗೆ ಈಗ ಬೇಕಾಗಿರೋದು ಅದೇ. ಒಂದೇ ದೇಶದಲ್ಲಿ, ಒಂದೇ ಊರಲ್ಲಿ, ಒಂದು ಕೇರ್ ಹೋಮ್‌ನಲ್ಲಿ ಇಪ್ಪತ್ತು ಜನ ಹೋದ್ರು, ಎರಡು ಬೀದಿ ಆಚೆ ಇದ್ದ ಇನ್ನೊಂದರಲ್ಲಿ ಒಬ್ಬರಿಗೂ ಏನೂ ಆಗ್ಲಿಲ್ಲ. ಆ ವ್ಯತ್ಯಾಸ ಎಲ್ಲಿಂದ ಬಂತು?

ಇಂಗ್ಲೆಂಡಿಂದನೇ ಶುರು ಮಾಡ್ತೀನಿ, ನೀವಿರೋದು ಇಲ್ಲೇ ಅಲ್ವಾ. 2020ರ ಫೆಬ್ರವರಿ 25ಕ್ಕೆ ಬಂದ ಸರ್ಕಾರಿ ಮಾರ್ಗಸೂಚಿಯಲ್ಲಿ, ಕೇರ್ ಹೋಮ್‌ನಲ್ಲಿರೋರಿಗೆ ಸೋಂಕು ತಗಲೋ ಸಾಧ್ಯತೆ ತೀರಾ ಕಡಿಮೆ ಅಂತ ಬರೆದಿತ್ತು, ಮಾರ್ಚ್ 13ರ ತನಕ ಅದೇ ಚಾಲ್ತಿಯಲ್ಲಿತ್ತು. ಆಮೇಲೆ ಇಟಲಿಯ ಐಸಿಯು ದೃಶ್ಯ ನೋಡಿ ಎಲ್ರೂ ಗಾಬರಿಯಾದ್ರು, ಬೆಡ್ ಖಾಲಿ ಮಾಡಿ ಅಂತ ಆದೇಶ ಬಂತು. ಮಾರ್ಚ್ 17ರಿಂದ ಏಪ್ರಿಲ್ 15ರ ಒಳಗೆ ಸುಮಾರು 25,000 ಜನ ಆಸ್ಪತ್ರೆಯಿಂದ ಕೇರ್ ಹೋಮ್‌ಗಳಿಗೆ ಡಿಸ್ಚಾರ್ಜ್ ಆದ್ರು, ಅವರಲ್ಲಿ ಹೆಚ್ಚಿನವರಿಗೆ ಟೆಸ್ಟೇ ಮಾಡಿರ್ಲಿಲ್ಲ, ಆಗ ಟೆಸ್ಟ್ ಕಿಟ್ಟೇ ಸಾಲ್ತಿರ್ಲಿಲ್ಲ. ಎಲ್ಲರಿಗೂ ಟೆಸ್ಟ್ ಮಾಡಿಯೇ ಕಳಿಸ್ಬೇಕು ಅನ್ನೋ ನಿಯಮ ಬಂದಿದ್ದು ಏಪ್ರಿಲ್ 15ಕ್ಕೆ. ಕೆಲವು ಡಿಸ್ಚಾರ್ಜ್ ಪತ್ರಗಳಿಗೆ ನಾನೂ ಸಹಿ ಹಾಕಿದೀನಿ. ಮನೆಗೆ ಹೋಗೋಕೆ ರೆಡಿ ಇದ್ದವರನ್ನ ಸೋಂಕು ತುಂಬಿದ ವಾರ್ಡಲ್ಲಿ ಇಟ್ಕೊಳ್ಳೋದೇ ಅಪಾಯ ಅಂತ ಆಗ ನಂಬಿದ್ದೆ, ಆ ಹೆಸರುಗಳು ಈಗ್ಲೂ ನೆನಪಾಗ್ತವೆ. 2022ರ ಏಪ್ರಿಲ್ 27ಕ್ಕೆ, ತಂದೆಯರನ್ನ ಕಳ್ಕೊಂಡ ಇಬ್ಬರು ಹೆಣ್ಮಕ್ಕಳು ಹಾಕಿದ್ದ ಕೇಸಲ್ಲಿ ಲಂಡನ್ ಹೈಕೋರ್ಟ್ ಆ ಡಿಸ್ಚಾರ್ಜ್ ನೀತಿ ಕಾನೂನುಬಾಹಿರ ಅಂತ ತೀರ್ಪು ಕೊಡ್ತು. ಲಕ್ಷಣ ಇಲ್ಲದವರಿಂದಲೂ ಸೋಂಕು ಹರಡಬಹುದು ಅನ್ನೋದನ್ನ ಲೆಕ್ಕಕ್ಕೇ ತಗೊಂಡಿಲ್ಲ ಅನ್ನೋದು ಕಾರಣ.

ಇಟಲಿಯ ಲೊಂಬಾರ್ಡಿಯಲ್ಲೂ ಮಾರ್ಚ್ 8ಕ್ಕೆ ಹೆಚ್ಚುಕಮ್ಮಿ ಇದೇ ನಡೀತು, ಚೇತರಿಸ್ಕೋತಿರೋ ರೋಗಿಗಳನ್ನ ಕೇರ್ ಹೋಮ್‌ಗಳು ತಗೊಳ್ಲಿ ಅಂತ ಪ್ರಾಂತ್ಯದ ನಿರ್ಣಯ.

ಹಾಗಂತ ಎಲ್ಲಾ ಸೋಂಕೂ ಆಸ್ಪತ್ರೆಯಿಂದಲೇ ಬಂತು ಅಂದ್ಕೋಬೇಡಿ, ಇದು ತುಂಬಾ ಜನ ನಂಬಿರೋ ಅರ್ಧ ಸತ್ಯ. ಇನ್ನೊಂದು ದೊಡ್ಡ ದಾರಿ ಕೇರರ್‌ಗಳು, ಅಂದ್ರೆ ಅಲ್ಲಿ ಕೆಲಸ ಮಾಡೋ ಹುಡುಗೀರು ಹುಡುಗ್ರು. ಅವ್ರನ್ನ ದೂರೋಕೆ ಹೇಳ್ತಿಲ್ಲ ನಾನು. ಅವ್ರ ಸಂಬಳ ಎಷ್ಟು, ಕೆಲಸ ಎಂಥದ್ದು ನೋಡಿ. ಬೆಳಿಗ್ಗೆ ಒಂದು ಕೇರ್ ಹೋಮ್, ರಾತ್ರಿ ಇನ್ನೊಂದು, ವಾರಾಂತ್ಯ ಏಜೆನ್ಸಿ ಕಳಿಸಿದ ಕಡೆ ಮೂರನೇದು. ಮೈ ಬಿಸಿ ಇದ್ರೂ ರಜೆ ಹಾಕಿದ್ರೆ ಸರ್ಕಾರಿ ನಿಯಮದ ಪ್ರಕಾರ ಸಿಗೋದು ಆಗ ವಾರಕ್ಕೆ 95 ಪೌಂಡ್ ಚಿಲ್ಲರೆ, ಅದ್ರಲ್ಲಿ ಬಾಡಿಗೆ ಕಟ್ತಾರಾ ಮಕ್ಕಳಿಗೆ ಊಟ ಹಾಕ್ತಾರಾ. ಹಾಗಾಗಿ ಪ್ಯಾರಸಿಟಮಾಲ್ ನುಂಗಿ ಕೆಲಸಕ್ಕೆ ಬರ್ತಿದ್ರು, ಎಷ್ಟೋ ಜನಕ್ಕಂತೂ ಲಕ್ಷಣವೇ ಇರ್ಲಿಲ್ಲ. ಇಂಗ್ಲೆಂಡಿನ ಸಾವಿರಾರು ಕೇರ್ ಹೋಮ್‌ಗಳ ಮೇಲೆ ನಡೆದ ವಿವಾಲ್ಡಿ ಅನ್ನೋ ಅಧ್ಯಯನದಲ್ಲಿ ಕಂಡಿದ್ದೂ ಇದೇ, ಹುಷಾರಿಲ್ಲದಾಗ ಸಂಬಳ ಕೊಡ್ತಿದ್ದ ಕಡೆ ಅಲ್ಲಿರೋರಿಗೆ ಸೋಂಕು ಕಡಿಮೆ, ಏಜೆನ್ಸಿ ಸ್ಟಾಫ್ ಮೇಲೆ ಪದೇ ಪದೇ ಅವಲಂಬಿಸಿದ ಕಡೆ ಜಾಸ್ತಿ.

ಸ್ವೀಡನ್ ಬಗ್ಗೆನೂ ಒಂದು ತಪ್ಪು ಕಲ್ಪನೆ ಇದೆ. ಅಲ್ಲಿ ಲಾಕ್‌ಡೌನ್ ಮಾಡ್ಲಿಲ್ಲ, ಎಲ್ಲಾ ತೆರೆದಿಟ್ರು, ಅದಕ್ಕೇ ವೃದ್ಧರು ಹೋದ್ರು ಅಂತಾರೆ. ಆದ್ರೆ ಕೇರ್ ಹೋಮ್‌ಗೆ ಭೇಟಿ ಮಾತ್ರ 2020ರ ಏಪ್ರಿಲ್ 1ರಿಂದ ಸೆಪ್ಟೆಂಬರ್ ಕೊನೆ ತನಕ ದೇಶಾದ್ಯಂತ ನಿಷೇಧ ಇತ್ತು, ಆದ್ರೂ ಸಾವು ನಿಲ್ಲಲಿಲ್ಲ. ಡಿಸೆಂಬರ್ 15ಕ್ಕೆ ವರದಿ ಕೊಟ್ಟ ಅಲ್ಲಿನ ಕೊರೋನಾ ಆಯೋಗ ಹೊರಗೆ ಸೋಂಕು ಅಷ್ಟು ಹರಡಿದ್ದು ದೊಡ್ಡ ಕಾರಣ ಅಂತ ಒಪ್ಕೊಂಡೇ, ವೃದ್ಧರ ಆರೈಕೆ ವ್ಯವಸ್ಥೆ ಮೊದಲಿಂದಲೇ ಸೊರಗಿತ್ತು ಅಂತ ನೇರವಾಗಿ ಬರೀತು. ಗಂಟೆ ಲೆಕ್ಕದ ಕೆಲಸಗಾರರು ಜಾಸ್ತಿ, ಕೇರ್ ಹೋಮ್‌ಗಳ ಹೊಣೆ ಹೊತ್ತ ಮುನಿಸಿಪಾಲಿಟಿಗಳಿಗೆ ಸ್ವಂತ ಡಾಕ್ಟರ್ ನೇಮಿಸ್ಕೊಳ್ಳೋಕೆ ಕಾನೂನಲ್ಲಿ ಅವಕಾಶವೇ ಇರ್ಲಿಲ್ಲ. ರಾಜ ಕಾರ್ಲ್ ಗುಸ್ತಾಫ್ ಅವರೇ ಆ ತಿಂಗಳು ನಾವು ಸೋತಿದೀವಿ ಅಂತ ಹೇಳಿದ್ರು.

ನಾನು ನೋಡಿದ್ದು ಒಂದು ಹೇಳ್ತೀನಿ. ಏಪ್ರಿಲ್ ಮೊದಲ ವಾರ, ಒಂದು ಕೇರ್ ಹೋಮ್‌ನಿಂದ ರಾತ್ರಿ ಪಾಳಿ ಸೀನಿಯರ್ ಕೇರರ್ ಫೋನ್ ಮಾಡಿದ್ಲು. "ಡಾಕ್ಟರ್, ಏಳನೇ ರೂಮಿನ ಅಜ್ಜ ಎರಡು ದಿನದಿಂದ ಊಟ ಬಿಟ್ಟಿದಾರೆ, ಜ್ವರ ಇಲ್ಲ ಕೆಮ್ಮಿಲ್ಲ, ಸುಮ್ನೆ ಗೋಡೆ ಕಡೆ ತಿರುಗಿ ಮಲಗಿದಾರೆ" ಅಂದ್ಲು. ಆಗ ಟೆಸ್ಟ್ ಮಾಡಿಸ್ಬೇಕಂದ್ರೆ ಜ್ವರ ಇಲ್ಲಾಂದ್ರೆ ಹೊಸ ಕೆಮ್ಮು ಇರಬೇಕಿತ್ತು. ಯೂರಿನ್ ಇನ್ಫೆಕ್ಷನ್ ಇರಬಹುದು ಅಂತ ಆಂಟಿಬಯಾಟಿಕ್ ಬರೆದೆ. ಮೂರನೇ ದಿನಕ್ಕೆ ಅಜ್ಜ ಹೋದ್ರು, ಆಮೇಲೆ ಅದೇ ಕಾರಿಡಾರ್‌ನಲ್ಲಿ ಒಬ್ಬರ ಹಿಂದೆ ಒಬ್ಬರು. ವಯಸ್ಸಾದವರಿಗೆ ಕೋವಿಡ್ ಬಂದ್ರೆ ಎಷ್ಟೋ ಸಲ ಜ್ವರ ಬರೋದಿಲ್ಲ, ಊಟ ಬಿಡ್ತಾರೆ, ಬೀಳ್ತಾರೆ, ಭೇದಿ ಆಗುತ್ತೆ, ಇದ್ದಕ್ಕಿದ್ದಂಗೆ ಗೊಂದಲ ಆಗ್ತಾರೆ ಇಲ್ಲಾ ತೂಕಡಿಸ್ತಾನೇ ಇರ್ತಾರೆ, ಇದು ನಮಗೆ ಅರ್ಥ ಆಗೋ ಹೊತ್ತಿಗೆ ವಾರಗಳು ಕಳೆದುಹೋಗಿದ್ವು. ಆ ಹುಡುಗಿ ಆ ತಿಂಗಳು ಹದಿನೆಂಟು ರಾತ್ರಿ ಕೆಲಸ ಮಾಡಿದ್ಲು, ತೀರ್ಕೊಂಡವರ ಕೈ ಹಿಡ್ಕೊಂಡು ಕೂತಿದ್ದು ಅವಳೇ, ಯಾಕಂದ್ರೆ ಮಕ್ಕಳಿಗೆ ಒಳಗೆ ಬರೋಕೆ ಬಿಡ್ತಿರ್ಲಿಲ್ಲ. ಅಂಥವರನ್ನ ನೋಡಿದ ಮೇಲೆ "ಸಾಯೋಕೆ ಬಿಟ್ರು" ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ. ಅವಳಿಗೆ ಟೆಸ್ಟ್ ಕೊಡ್ಲಿಲ್ಲ, ಮಾಸ್ಕ್ ಕೊಡ್ಲಿಲ್ಲ, ಅದು ನಿಜ.

ಚೆನ್ನಾಗಿ ನಿಭಾಯಿಸಿದವರೂ ಇದ್ರು. ಫ್ರಾನ್ಸ್‌ನ ಲಿಯಾನ್ ಪಕ್ಕ ಕೊರ್ಬಾಸ್ ಅನ್ನೋ ಊರಿದೆ, ಅಲ್ಲಿನ ವಿಲನೋವಾ ಕೇರ್ ಹೋಮ್‌ನ ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಾರ್ಚ್ 18ಕ್ಕೆ ಹಾಸಿಗೆ ಸುತ್ಕೊಂಡು ಬಂದು ಒಳಗೇ ಉಳ್ಕೊಂಡ್ರು, 47 ದಿನ ಮನೆಗೆ ಹೋಗ್ಲಿಲ್ಲ, ನೂರಕ್ಕೂ ಹೆಚ್ಚು ವೃದ್ಧರಲ್ಲಿ ಒಬ್ಬರೂ ಕೋವಿಡ್‌ನಿಂದ ಸಾಯ್ಲಿಲ್ಲ. ಹೀಗೆ ಸಿಬ್ಬಂದಿ ಸ್ವಂತ ಇಚ್ಛೆಯಿಂದ ಒಳಗೇ ಉಳಿದ ಫ್ರಾನ್ಸ್‌ನ 17 ಕೇರ್ ಹೋಮ್‌ಗಳನ್ನ ಸಂಶೋಧಕರು ಆಮೇಲೆ ನೋಡಿದಾಗ, ಸೋಂಕು ಬಂದಿದ್ದು ಒಂದರಲ್ಲಿ ಮಾತ್ರ, ಅದೇ ಹೊತ್ತಿಗೆ ದೇಶದ ಉಳಿದ ಕೇರ್ ಹೋಮ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಸೋಂಕು ಹೊಕ್ಕಿತ್ತು. ಎಲ್ಲಾ ಕಡೆ ಹೀಗೆ ಮಾಡೋಕಾಗಲ್ಲ, ಅವರಿಗೂ ಸಂಸಾರ ಇದೆ. ಆದ್ರೆ ಓಡಾಟ ಕಡಿಮೆಯಾದ್ರೆ ಸೋಂಕು ಎಷ್ಟು ಕಡಿಮೆಯಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಜರ್ಮನಿಯ ಟ್ಯೂಬಿಂಗನ್ ಊರಲ್ಲಿ ಡಾಕ್ಟರ್ ಲೀಸಾ ಫೆಡರ್ಲೆ ಶುರುವಲ್ಲೇ ಕೇರ್ ಹೋಮ್‌ಗಳಿಗೆ ಹೋಗಿ ಟೆಸ್ಟ್ ಮಾಡಿಸ್ತಿದ್ರು. ಹಾಗಂತ ಜರ್ಮನಿ ಮಾದರಿ ಅಂತ ಕಣ್ಮುಚ್ಚಿ ಹೇಳಕ್ಕಾಗಲ್ಲ, ಮೊದಲ ಅಲೆ ದಾಟಿದ ಆ ದೇಶದ ಕೇರ್ ಹೋಮ್‌ಗಳು 2020ರ ಕೊನೆಯ ಚಳಿಗಾಲದಲ್ಲಿ ತುಂಬಾ ಏಟು ತಿಂದ್ವು.

ಕಟ್ಟಡದ ಗಾತ್ರಕ್ಕೂ ಇದ್ರಲ್ಲಿ ಪಾಲಿದೆ. ಎಡಿನ್‌ಬರಾ ಸುತ್ತಲಿನ ಲೋಥಿಯನ್ ಪ್ರದೇಶದ 189 ಕೇರ್ ಹೋಮ್‌ಗಳನ್ನ ನೋಡಿದ ಅಧ್ಯಯನದಲ್ಲಿ, ಬೆಡ್ ಜಾಸ್ತಿ ಆದಷ್ಟೂ ಸೋಂಕು ಹೊಕ್ಕೋ ಸಾಧ್ಯತೆ ಜೋರಾಗಿ ಏರಿತ್ತು. ನೂರು ಬೆಡ್ ಇದ್ರೆ ದಿನಕ್ಕೆ ಎಷ್ಟು ಜನ ಒಳಗೆ ಹೊರಗೆ ಓಡಾಡ್ತಾರೆ ಲೆಕ್ಕ ಹಾಕಿ.

ಇನ್ನು ಭೇಟಿ ನಿಷೇಧ. ನಿಮ್ಮತ್ತೆ ವಿಷಯದಲ್ಲಿ ನಂಗೆ ಕಾಡೋದು ಇದೇ. ಮೊದಲ ವಾರಗಳಲ್ಲಿ ಬಾಗಿಲು ಹಾಕಿದ್ದು ತಪ್ಪು ಅಂತ ನಾನು ಹೇಳಲ್ಲ, ಏನೂ ಗೊತ್ತಿರ್ಲಿಲ್ಲ. ತಿಂಗಳುಗಟ್ಟಲೆ ಹಾಕಿಟ್ಟಿದ್ದು ತಪ್ಪು. ನೆದರ್ಲೆಂಡ್ಸ್ ಮಾರ್ಚ್ 20ಕ್ಕೆ ಬಾಗಿಲು ಹಾಕ್ತು, ಮೇ 11ರಿಂದ 26 ಕೇರ್ ಹೋಮ್‌ಗಳಲ್ಲಿ ಒಬ್ಬೊಬ್ಬರಿಗೆ ಒಬ್ಬರಂತೆ ಮನೆಯವರನ್ನ ಪ್ರಯೋಗಕ್ಕೆ ಒಳಗೆ ಬಿಡ್ತು, ಮೊದಲ ಮೂರು ವಾರದಲ್ಲಿ ಹೊಸ ಸೋಂಕು ಬರ್ಲಿಲ್ಲ, ಅಜ್ಜಿ ತಾತಂದಿರ ಮುಖ ಅರಳಿದ್ದು ಮಾತ್ರ ಎಲ್ರಿಗೂ ಕಾಣ್ತು. ಇಟಲಿಯಲ್ಲಿ ದಪ್ಪ ಪ್ಲಾಸ್ಟಿಕ್ ಪರದೆಗೆ ತೋಳು ಹೊಲಿಸಿ ಅದರೊಳಗೆ ಕೈ ಹಾಕಿ ತಬ್ಕೊಳ್ಳೋ ಕೋಣೆಗಳನ್ನ ಮಾಡಿದ್ರು. ಇಲ್ಲಿ ಇಂಗ್ಲೆಂಡಲ್ಲಿ ಕಿಟಕಿ ಹೊರಗೆ ನಿಂತು ಕೈ ಬೀಸಿದ ಮಕ್ಕಳನ್ನ ಎಷ್ಟು ನೋಡಿದೀನೋ. ಡಿಮೆನ್ಷಿಯಾ ಇದ್ದವರಿಗೆ ಕಿಟಕಿ ಆಚೆ ಇರೋರು ಯಾಕೆ ಒಳಗೆ ಬರ್ತಿಲ್ಲ ಅಂತ ಗೊತ್ತಾಗಲ್ಲ, ಮಾಸ್ಕ್ ಹಾಕಿದ ಮುಖ ಗುರುತು ಸಿಗಲ್ಲ, ನಿಮ್ಮತ್ತೆ ಥರ ಇಂಗ್ಲಿಷ್ ಕಳ್ಕೊಂಡವರಾಗಿದ್ರೆ ಸುತ್ತ ಇರೋ ಮಾತೂ ಅರ್ಥ ಆಗಲ್ಲ. ನನ್ನ ಕಡೆ ಒಬ್ಬರು ಗುಜರಾತಿ ಅಮ್ಮ ಇದ್ರು, ಮಗಳು ಬರೋದು ನಿಂತ ಮೇಲೆ ಆರು ವಾರದಲ್ಲಿ ಮಾತೇ ಬಿಟ್ರು, ಕೋವಿಡ್ ಅವರಿಗೆ ಬರ್ಲೇ ಇಲ್ಲ.

ಅಂದಿಗೂ ಇಂದಿಗೂ ಏನು ವ್ಯತ್ಯಾಸ ಅಂತ ಕೇಳ್ತೀರಿ. ದೊಡ್ಡದು ಲಸಿಕೆ. 2020ರ ಡಿಸೆಂಬರ್ 8ಕ್ಕೆ ಬ್ರಿಟನ್‌ನಲ್ಲಿ ಶುರುವಾಯ್ತು, ಮೊದಲ ಸಾಲಲ್ಲೇ ಕೇರ್ ಹೋಮ್ ವೃದ್ಧರು ಮತ್ತು ಅವರನ್ನ ನೋಡ್ಕೊಳ್ಳೋರು, ಆಮೇಲಿನ ಅಲೆಗಳಲ್ಲಿ ಸೋಂಕು ಬಂದ್ರೂ ಸಾವು ಆ ಮೊದಲಿನ ಥರ ಆಗ್ಲಿಲ್ಲ. ಎರಡನೇದು, 2024ರ ಏಪ್ರಿಲ್ 6ರಿಂದ ಇಂಗ್ಲೆಂಡಲ್ಲಿ ಭೇಟಿಗೆ ಅವಕಾಶ ಕೊಡೋದು ಕೇರ್ ಹೋಮ್‌ನ ಕಾನೂನು ಹೊಣೆ ಆಗಿದೆ, ತೀರಾ ವಿಶೇಷ ಕಾರಣ ಇಲ್ದೆ ತಡಿಯೋ ಹಾಗಿಲ್ಲ. ಬದಲಾಗದೇ ಇರೋದು ಕೇರರ್‌ಗಳ ಸಂಬಳ ಮತ್ತು ಕೊರತೆ. 2022ರ ಫೆಬ್ರವರಿಯಲ್ಲಿ ಕೇರರ್ ಕೆಲಸಕ್ಕೆ ವೀಸಾ ತೆರೆದಾಗ ಕೇರಳದಿಂದ, ನಮ್ಮ ಮಂಗಳೂರು ಉಡುಪಿ ಕಡೆಯಿಂದಲೂ ಜನ ಬಂದ್ರು, 2025ರ ಜುಲೈನಲ್ಲಿ ಹೊರದೇಶದಿಂದ ಹೊಸದಾಗಿ ಕರೆಸೋದನ್ನ ನಿಲ್ಲಿಸಿದ್ರು. ಹಾಗಾಗಿ ಯಾವ ಕೇರ್ ಹೋಮ್‌ನಲ್ಲಿ ಜನ ನಿಲ್ತಾರೆ ಅನ್ನೋದು ಈಗ ಇನ್ನೂ ಮುಖ್ಯ.

ಈಗ ನಿಮ್ಮ ಮುಂದಿರೋ ದಾರಿಗಳು. ಮನೇಲೇ ಇಟ್ಕೊಂಡು ದಿನಕ್ಕೆ ಮೂರು ನಾಲ್ಕು ಸಲ ಕೇರರ್ ಬರೋ ಹಾಗೆ ಮಾಡಬಹುದು, ಹಗಲಿಗೆ ಸರಿ, ಆದ್ರೆ ನಿಮ್ಮ ಕಷ್ಟ ಇರೋದು ರಾತ್ರಿ ಎರಡು ಗಂಟೆಗೆ, ಆಗ ಯಾರೂ ಇರಲ್ಲ. ಬಾಗಿಲಿಗೆ ಸೆನ್ಸರ್ ಹಾಕ್ಸಿ, ಇವತ್ತೇ ಹಾಕ್ಸಿ, ಉಳಿದ ತೀರ್ಮಾನ ಆಮೇಲೆ. ಮನೇಲೇ ಉಳಿಯೋ ಕೇರರ್ ಇಟ್ಕೋಬಹುದು, ಕನ್ನಡ ಬರೋರು ಸಿಕ್ರೆ ಅದಕ್ಕಿಂತ ಒಳ್ಳೇದಿಲ್ಲ, ಆದ್ರೆ ಅವರೂ ನಿದ್ದೆ ಮಾಡ್ಬೇಕು, ರಜೆ ಬೇಕು, ಒಬ್ಬರಿಂದ ಆಗಲ್ಲ, ಖರ್ಚು ಕೇರ್ ಹೋಮ್‌ಗಿಂತ ಜಾಸ್ತಿನೂ ಆಗಬಹುದು.

ಹಾಸನಕ್ಕೆ ವಾಪಸ್ ಕಳಿಸೋ ಯೋಚ್ನೆನೂ ನಿಮ್ಮ ಮನಸ್ಸಲ್ಲಿ ಬಂದೇ ಇರುತ್ತೆ, ನಾದಿನಿ ಅಲ್ಲಿದಾರೆ, ಭಾಷೆ ಇದೆ. ನಾನು ಬೇಡ ಅನ್ನಲ್ಲ. ಆದ್ರೆ ಡಿಮೆನ್ಷಿಯಾ ಇಷ್ಟು ಮುಂದುವರೆದ ಮೇಲೆ ಜಾಗ ಬದಲಾಯಿಸಿದ್ರೆ ಗೊಂದಲ ಜಾಸ್ತಿ ಆಗೋ ಅಪಾಯ ಇದೆ, ಅತ್ತೆ ನೆನಪಲ್ಲಿರೋ ಹಾಸನ 1978ರದ್ದು, ಆ ಮನೆ ಆ ಜನ ಈಗಿಲ್ಲ. ಮತ್ತೆ ರಾತ್ರಿ ಎದ್ದು ಹೋದ್ರೆ ಹಿಡಿಯೋಕೆ ಅಲ್ಲೂ ಒಬ್ಬರು ಎಚ್ಚರ ಇರ್ಬೇಕು. ನಾದಿನಿಗೆ ಆ ಕೆಲಸ ವರ್ಷಗಟ್ಟಲೆ ಮಾಡೋಕಾಗುತ್ತಾ ಅಂತ ಕೋಪ ಇಲ್ದೆ ನೇರವಾಗಿ ಕೇಳಿ.

ನೀವು ಬರೆದಿರೋದು ನೋಡಿದ್ರೆ ನನ್ನ ಒಲವು ಚಿಕ್ಕ ಕೇರ್ ಹೋಮ್ ಕಡೆಗೇ. ಮೊದ್ಲು ಕೌನ್ಸಿಲ್‌ಗೆ, ಅಂದ್ರೆ ನಿಮ್ಮ ಸ್ಥಳೀಯ ಆಡಳಿತಕ್ಕೆ ಹೇಳಿ ಅಗತ್ಯ ಏನೇನಿದೆ ಅಂತ ಅಸೆಸ್‌ಮೆಂಟ್ ಮಾಡಿಸಿ, ಅದು ಫ್ರೀ. ಅತ್ತೆ ಹೆಸರಲ್ಲಿ 23,250 ಪೌಂಡ್‌ಗಿಂತ ಜಾಸ್ತಿ ಆಸ್ತಿ ಉಳಿತಾಯ ಇದ್ರೆ ಸಾಮಾನ್ಯವಾಗಿ ಪೂರ್ತಿ ಖರ್ಚು ಅವರ ದುಡ್ಡಿಂದಲೇ, ನಿಮ್ಮ ಕಡೆ ವಾರಕ್ಕೆ ಸಾವಿರ ಪೌಂಡ್ ದಾಟೋದು ಮಾಮೂಲು. ಕೇರ್ ಹೋಮ್‌ಗಳನ್ನ ತಪಾಸಣೆ ಮಾಡೋ ಸಂಸ್ಥೆ ಸಿಕ್ಯುಸಿ ಕೊಟ್ಟ ರೇಟಿಂಗ್ ನೋಡಿ, ಆದ್ರೆ ತಪಾಸಣೆ ಯಾವ ವರ್ಷದ್ದು ಅಂತಾನೂ ನೋಡಿ, ಕೆಲವು ಬಹಳ ಹಳೇವಿರ್ತವೆ.

ಆಮೇಲೆ ಖುದ್ದಾಗಿ ಹೋಗಿ. ಮ್ಯಾನೇಜರ್ ನಿಮಗೆ ತೋಟ, ಹೊಸ ಕಾರ್ಪೆಟ್, ಸಿನಿಮಾ ಕೋಣೆ ತೋರಿಸ್ತಾರೆ, ನೋಡಿ, ಬೇಡ ಅನ್ನಬೇಡಿ. ಕೇಳ್ಬೇಕಾಗಿರೋದು ಬೇರೆ. ಕಳೆದ ತಿಂಗಳು ಎಷ್ಟು ಶಿಫ್ಟ್ ಏಜೆನ್ಸಿಯವರು ಮಾಡಿದ್ರು? ಕೇರರ್‌ಗೆ ಹುಷಾರಿಲ್ಲ ಅಂದ್ರೆ ಪೂರ್ತಿ ಸಂಬಳ ಕೊಡ್ತೀರಾ? ರಾತ್ರಿ ಎಷ್ಟು ವೃದ್ಧರಿಗೆ ಎಷ್ಟು ಜನ? ಜಿಪಿ ವಾರಕ್ಕೆ ಒಂದು ಸಲ ಬರ್ತಾರಾ? ವಾಂತಿ ಭೇದಿ ತರೋ ನೊರೋವೈರಸ್ ಬಂದಾಗ ಹೋದ ಚಳಿಗಾಲ ಏನು ಮಾಡಿದ್ರಿ? ಕೇರ್ ಹೋಮ್‌ನಲ್ಲಿ ಸೋಂಕಿದ್ದಾಗಲೂ ಮನೆಯವರಲ್ಲಿ ಒಬ್ಬರನ್ನ ಒಳಗೆ ಬಿಡ್ತೀರಾ? ಇವಕ್ಕೆ ತಡವರಿಸದೇ ಉತ್ತರ ಕೊಟ್ರೆ ಆ ಮ್ಯಾನೇಜರ್‌ಗೆ 2020 ಮರ್ತಿಲ್ಲ ಅಂತ ಅರ್ಥ. ಇನ್ನೊಂದು ಸಲ ಸಂಜೆ ಪಾಳಿ ಬದಲಾಗೋ ಹೊತ್ತಿಗೆ ಹೋಗಿ, ಬಾಗಿಲಲ್ಲಿ ಸಿಗೋ ಹುಡುಗಿನ ಎಷ್ಟು ವರ್ಷ ಆಯ್ತಮ್ಮ ಇಲ್ಲಿ ಅಂತ ಮಾತಾಡ್ಸಿ.

ಕಾಗದ ಪತ್ರದ ಒಂದು ವಿಷಯ. ಆ ಕಾಲದಲ್ಲಿ, ಹೃದಯ ನಿಂತ್ರೆ ಮತ್ತೆ ಎಬ್ಬಿಸ್ಬೇಡಿ ಅನ್ನೋ ಸೂಚನೆಗಳನ್ನ ಕೆಲವರ ಫೈಲಿಗೆ ಅವರನ್ನಾಗಲಿ ಮನೆಯವರನ್ನಾಗಲಿ ಕೇಳ್ದೇ ಹಾಕಿದ್ರು, 2021ರಲ್ಲಿ ಸಿಕ್ಯುಸಿ ಮಾಡಿದ ಪರಿಶೀಲನೆಯಲ್ಲಿ ಅಂಥ 500ಕ್ಕೂ ಹೆಚ್ಚು ಬೆಳಕಿಗೆ ಬಂದ್ವು. ಆ ಸೂಚನೆಯೇ ಕೆಟ್ಟದ್ದಲ್ಲ, ತೀರಾ ಬಲಹೀನರಾದವರಿಗೆ ಎದೆ ಒತ್ತಿ ಪಕ್ಕೆಲುಬು ಮುರಿಯೋದ್ರಿಂದ ಉಪಯೋಗ ಕಡಿಮೆ, ಆದ್ರೆ ಅದು ಮಾತಾಡಿ ಆಗ್ಬೇಕು, ಮತ್ತೆ ಅದು ಹೃದಯ ನಿಂತಾಗಿನದ್ದಷ್ಟೇ, ಆಸ್ಪತ್ರೆಗೆ ಕಳಿಸ್ಬೇಡಿ ಅಂತಲ್ಲ. ಅತ್ತೆ ಪರವಾಗಿ ಆರೋಗ್ಯದ ತೀರ್ಮಾನ ತಗೊಳ್ಳೋಕೆ ನಿಮ್ಮ ಯಜಮಾನ್ರ ಹೆಸರಲ್ಲಿ ಪವರ್ ಆಫ್ ಅಟಾರ್ನಿ ಇದೆಯಾ ನೋಡಿ. ಇಲ್ಲಾಂದ್ರೆ ಅದನ್ನ ಮಾಡಿಕೊಡುವಷ್ಟು ತಿಳುವಳಿಕೆ ಅತ್ತೆಗೆ ಈಗಿದೆಯಾ ಅಂತ ಜಿಪಿ ಹತ್ರ ಬೇಗ ಮಾತಾಡಿ, ಆ ಹಂತ ದಾಟಿದ್ರೆ ಕೋರ್ಟ್ ಮೂಲಕ ಹೋಗ್ಬೇಕು, ಅದು ನಿಧಾನ.

ನಾದಿನಿಗೆ ಇದನ್ನ ಓದಿ ಹೇಳಿ, ಕೇರ್ ಹೋಮ್ ನೋಡೋಕೆ ಹೋದಾಗ ವಿಡಿಯೋ ಕಾಲ್‌ನಲ್ಲಿ ಅವರನ್ನೂ ಸೇರಿಸ್ಕೊಳ್ಳಿ, ಅಮ್ಮ ಎಲ್ಲಿ ಮಲಗ್ತಾರೆ ಅಂತ ಕಂಡ್ರೆ ಅವರ ಭಯಕ್ಕೆ ಒಂದು ರೂಪ ಸಿಗುತ್ತೆ.

ಕೊನೇದಾಗಿ, ಈ ವಾರವೇ ಮಾಡೋ ಕೆಲಸ ಒಂದಿದೆ. ಒಂದು ದೊಡ್ಡ ಹಾಳೆ ತಗೊಳ್ಳಿ. ನೀರು, ನೋವು, ಹಸಿವು, ಸಾಕು, ಚಳಿ, ಬಚ್ಚಲು, ಎಲ್ಲಿ, ಮಗ ಬರ್ತಾನೆ, ಹೆದರ್ಕೋಬೇಡಿ, ಹೀಗೆ ಅತ್ತೆ ದಿನಾ ಬಳಸೋ ಮಾತು, ಅವರಿಗೆ ಸಮಾಧಾನ ಆಗೋ ಮಾತು ಇಪ್ಪತ್ತು ಬರೀರಿ, ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ, ಪಕ್ಕದಲ್ಲಿ ಅರ್ಥ. ಮನೆಗೆ ಕೇರರ್ ಬಂದ್ರೂ ಸರಿ, ಕೇರ್ ಹೋಮ್‌ಗೆ ಹೋದ್ರೂ ಸರಿ, ಅದು ಹಾಸಿಗೆ ತಲೆ ಹತ್ರ ಗೋಡೆ ಮೇಲೆ ಇರ್ಲಿ. ರಾತ್ರಿ ಎರಡು ಗಂಟೆಗೆ ಅತ್ತೆ ಎದ್ದು ಕೂತಾಗ ಆ ಹುಡುಗಿ ಅದನ್ನ ನೋಡ್ಕೊಂಡು ತಪ್ಪುತಪ್ಪಾಗಿ "ಹೆದರ್ಕೋಬೇಡಿ, ಮಗ ಬರ್ತಾನೆ" ಅಂದ್ರೂ ಸಾಕು, ಅತ್ತೆ ವಾಪಸ್ ಮಲಗ್ತಾರೆ.